ಬೆನ್ನಿನ ಇಳಿ ಎಷ್ಟು ಇಂಚು?

ಪ್ರಿಯ ಪಟೇಲ,

ನೀನು ಫೋನಿನಲ್ಲಿ ದನಿ ತಗ್ಗಿಸಿ ಕೇಳಿದ್ದಕ್ಕೆ ನಾನು ಊರೆಲ್ಲ ಓದುವಂತೆ ಉತ್ತರ ಬರೆಯುತ್ತಿದ್ದೇನೆಂದು ಮುನಿಸಿಕೊಳ್ಳಬೇಡ. ನಿನ್ನ ನಿಜವಾದ ಹೆಸರನ್ನು ಹಾಕಿಲ್ಲ. ಹಾಸನದಲ್ಲಿ ಈ ವರ್ಷ ಮಗಳ ಮದುವೆ ಮಾಡುತ್ತಿರುವ ಅಪ್ಪಂದಿರಿಗೇನೂ ಬರವಿಲ್ಲ. ಹಸಿರು ಸ್ವೆಟರಿನ ಪ್ರಸಂಗವನ್ನು ಇಷ್ಟು ಕಾಲ ಹೊಟ್ಟೆಯಲ್ಲಿಟ್ಟುಕೊಂಡವಳ ಮೇಲೆ ಅಷ್ಟಾದರೂ ನಂಬಿಕೆ ಇರಲಿ.

ಧಾರೆಯ ರವಿಕೆಯ ಬೆನ್ನನ್ನು ಮಗಳಿಗೆ ಹೇಳದೆ ಮೂರು ಇಂಚು ಮೇಲಕ್ಕೆ ಎತ್ತಿ ಹೊಲಿದುಬಿಡು, ಬೀಗರ ಕಡೆಯವರು ಹಳೆಯ ಕಾಲದವರು ಎಂದೆಯಲ್ಲ, ಅಂದಿನಿಂದ ಆ ಬಟ್ಟೆ ಸೀಮೆಸುಣ್ಣದ ಗೆರೆ ಹೊತ್ತು ನನ್ನ ಮೇಜಿನ ಮೇಲೆಯೇ ಬಿದ್ದಿದೆ. ಮೊಗ್ಗಿನ ಜಡೆ ಇಳಿಬಿಟ್ಟ ಮೇಲೆ ಬೆನ್ನು ಕಾಣುವುದಾದರೂ ಎಷ್ಟು ಎಂದು ಆಗಲೇ ಕೇಳಬೇಕಿತ್ತು. ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

ಬೆನ್ನು ಹೀಗೇ ಇಳಿದಿರಲಿ ಎಂದು ನಿನ್ನ ಮಗಳು ನನಗೆ ತೋರಿಸಿದ ಚಿತ್ರ ಯಾವುದೋ ಸಿನಿಮಾ ನಟಿಯದೆಂದು ನೀನು ಭಾವಿಸಿದ್ದೀಯೆ. ಅಲ್ಲ, ಅದು ಇಂಗ್ಲೆಂಡಿನ ಎರಡನೆಯ ಎಲಿಜಬೆತ್ ರಾಣಿಯ ಮೊಮ್ಮಗಳು ಯೂಜೆನಿಯದು. 2018ರ ಅಕ್ಟೋಬರ್ 12ರಂದು ವಿಂಡ್ಸರಿನ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ ಆಕೆಯ ಮದುವೆಯಾಯಿತು. ಮುಂದಿನಿಂದ ನೋಡಿದರೆ ಮಣಿಕಟ್ಟಿನವರೆಗೆ ತೋಳಿರುವ, ಯಾವ ಅತ್ತೆಯೂ ತಕರಾರು ತೆಗೆಯಲಾಗದ ಉಡುಪು ಅದು. ಹಿಂದೆ ಮಾತ್ರ ಬೆನ್ನು ಆಳವಾಗಿ ಇಳಿದಿದೆ, ಆ ಇಳಿಯ ನಡುವೆ ಬೆನ್ನುಮೂಳೆಯುದ್ದಕ್ಕೂ ಒಂದು ಗಾಯದ ಗೆರೆ ಕಾಣುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ ಆಕೆಯ ಬೆನ್ನುಮೂಳೆ ಓರೆಯಾಗಿ ಶಸ್ತ್ರಚಿಕಿತ್ಸೆಯಾಗಿತ್ತು. ಆ ಗುರುತು ಜನರಿಗೆ ಕಾಣಲೆಂದೇ ಆಕೆ ಬೆನ್ನನ್ನು ಇಳಿಸಿ ಹೊಲಿಸಿಕೊಂಡಳು, ಮುಸುಕನ್ನೂ ತೊಡಲಿಲ್ಲ. ನಿನ್ನ ಮಗಳ ಬೆನ್ನಿನ ಮೇಲೆ ಯಾವ ಗಾಯವೂ ಇಲ್ಲ, ಅವಳಿಗೆ ಆ ಇಳಿಯ ಆಕಾರ ಹಿಡಿಸಿದೆ, ಅಷ್ಟೇ. ಅಷ್ಟು ಸಾಲದೇ?

ಹಿಂದಿನ ರಾಣಿಯರು ಮೈತುಂಬ ಮುಚ್ಚಿಕೊಳ್ಳುತ್ತಿದ್ದರು, ಈಗಿನವರು ಒಂದೊಂದಾಗಿ ಬಿಚ್ಚುತ್ತಿದ್ದಾರೆ ಎಂಬ ನಿನ್ನ ಲೆಕ್ಕವಂತೂ ಕತ್ತರಿ ಹಿಡಿದವರ ಮುಂದೆ ನಿಲ್ಲುವುದಿಲ್ಲ. ಬಿಳಿಯ ಮದುವೆ ಉಡುಪನ್ನು ಜಗತ್ತಿಗೆಲ್ಲ ಹಚ್ಚಿಸಿದ ವಿಕ್ಟೋರಿಯಾ ರಾಣಿ 1840ರ ಫೆಬ್ರವರಿ 10ರಂದು ಮದುವೆಯಾದಾಗ ಆಕೆಯ ಎರಡೂ ಭುಜಗಳು ಬರಿದಾಗಿದ್ದವು, ಏಕೆಂದರೆ ಅಂದಿನ ಆಸ್ಥಾನದ ಶಿಸ್ತೇ ಅದಾಗಿತ್ತು. ನೂರು ವರ್ಷಗಳು ಕಳೆದು 1947ರಲ್ಲಿ ಎಲಿಜಬೆತ್ ಮದುವೆಯಾಗುವಾಗ ತೋಳು ಮಣಿಕಟ್ಟಿಗೆ ಬಂದಿತ್ತು. ಯುದ್ಧದ ನಂತರದ ಪಡಿತರದ ಕಾಲವಾದ್ದರಿಂದ ಆಕೆಯೂ ಬಟ್ಟೆಯ ಕೂಪನ್‌ಗಳನ್ನು ಲೆಕ್ಕಹಾಕಬೇಕಾಗಿತ್ತು, ಆದರೂ ಹತ್ತು ಸಾವಿರ ಮುತ್ತುಗಳನ್ನು ಪೋಣಿಸಲಾಯಿತು. ಇನ್ನೂ ಸ್ವಾರಸ್ಯದ ಸಂಗತಿ 2020ರದು. ಯೂಜೆನಿಯ ಅಕ್ಕ ಬಿಯಾಟ್ರಿಸ್ ತನ್ನ ಮದುವೆಗೆ ಅಜ್ಜಿ 1960ರ ದಶಕದ ಮೊದಲಲ್ಲಿ ತೊಟ್ಟಿದ್ದ ಉಡುಪನ್ನೇ ತರಿಸಿಕೊಂಡಳು. ಅಜ್ಜಿಗೆ ತೋಳಿಲ್ಲದೆಯೇ ಒಪ್ಪಿದ್ದ ಆ ಉಡುಪಿಗೆ ಮೊಮ್ಮಗಳಿಗಾಗಿ ಉಬ್ಬುತೋಳುಗಳನ್ನು ಹೊಸದಾಗಿ ಜೋಡಿಸಲಾಯಿತು. ಅಜ್ಜಿಗಿಂತ ಮೊಮ್ಮಗಳೇ ಹೆಚ್ಚು ಮುಚ್ಚಿಕೊಂಡಳೆಂದು ನಿನ್ನ ಬೀಗರಿಗೆ ಹೇಳಬಹುದು, ಬೇಕಿದ್ದರೆ.

ವೃತ್ತಿಯವಳಾಗಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ ರಾಣಿಯ ಮೊಮ್ಮಗ ವಿಲಿಯಂನನ್ನು ಮದುವೆಯಾಗುವಾಗ ಕೇಟ್ ತೊಟ್ಟ 2011ರ ಲೇಸಿನ ತೋಳು. ಅದನ್ನು ಕುಸುರಿ ಮಾಡಿದ ಹೆಂಗಸರು ಬಟ್ಟೆ ಮಾಸದಿರಲೆಂದು ಅರ್ಧ ಗಂಟೆಗೊಮ್ಮೆ ಕೈ ತೊಳೆಯುತ್ತಿದ್ದರು, ಮೂರು ಗಂಟೆಗೊಮ್ಮೆ ಸೂಜಿ ಬದಲಿಸುತ್ತಿದ್ದರು. ನಮ್ಮ ಆರಿ ಕೆಲಸದ ಹುಡುಗಿಗೆ ಇದನ್ನು ಓದಿ ಹೇಳಿದೆ. ಅವಳು ಕೈಯಲ್ಲಿದ್ದ ಖಾರದ ಮಂಡಕ್ಕಿಯ ಪೊಟ್ಟಣವನ್ನು ಮೆಲ್ಲಗೆ ಕೆಳಗಿಟ್ಟಳು.

ನಮ್ಮೂರಿನ ಮರ್ಯಾದೆಯ ಲೆಕ್ಕವೂ ಇದಕ್ಕಿಂತ ನೇರವಾಗಿಲ್ಲ. ಫ್ರೆಂಚ್ ಮಿಷನರಿಗಳು ಕಟ್ಟಿಸಿದ, ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಇಗರ್ಜಿಯ ಮುಂದೆ ಬಾಡಿಗೆಯ ಬಿಳಿ ಗೌನು ತೊಟ್ಟು, ಭುಜ ಬಿಟ್ಟುಕೊಂಡು ಮದುವೆಗೆ ಮೊದಲಿನ ಫೋಟೋ ತೆಗೆಸಿಕೊಂಡರೆ ಮನೆಯವರು ಅದನ್ನು ಕಲ್ಯಾಣಮಂಟಪದ ಬಾಗಿಲಲ್ಲಿ ಆಳೆತ್ತರದ ಬ್ಯಾನರ್ ಮಾಡಿ ನಿಲ್ಲಿಸುತ್ತಾರೆ. ಅದೇ ಹುಡುಗಿ ಧಾರೆಗೆ ಬೆನ್ನು ಇಳಿಸಿ ಎಂದರೆ ಕುಲದೇವರಿಗೇ ಅಪಚಾರವಾಗುತ್ತದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ, ಸೊಂಟದ ಮೇಲೆ ಆಭರಣವಲ್ಲದೆ ಬೇರೇನೂ ಇಲ್ಲದ ಮದನಿಕೆಯರನ್ನು ಕತ್ತೆತ್ತಿ ನೋಡಿ ಆಹಾ ಎಂದು ಬಂದ ತಾಯಂದಿರೇ ಮರುದಿನ ನನ್ನ ಅಂಗಡಿಯಲ್ಲಿ ಟೇಪು ಕಸಿದುಕೊಂಡು ಕತ್ತಿನ ಬುಡದಿಂದ ಅಳತೆ ಹಾಕಿಸುತ್ತಾರೆ. ಹೀಗಾಗಿ ಮುಚ್ಚುವುದು ಚರ್ಮವನ್ನಲ್ಲ, ಎದುರಿಗೆ ಕೂತವರ ಕಣ್ಣಿಗೆ ಬೀಳಬಾರದ ಏನನ್ನೋ ಎಂಬ ಅನುಮಾನ ನನಗೆ ಹತ್ತಿತು. ಯೂಜೆನಿಯ ಚಿತ್ರವನ್ನು ನಿನ್ನ ಮಗಳು ಎರಡು ಬೆರಳಿನಲ್ಲಿ ಹಿಗ್ಗಿಸಿ ತೋರಿಸಿದಾಗ ಆ ಅನುಮಾನ ನನ್ನ ಮೇಲೆಯೇ ತಿರುಗಿತು.

ನಿನಗೆ ತಿಳಿಯದ ಒಂದು ವಿಷಯವಿದೆ. ಚಿಕ್ಕವಳಿದ್ದಾಗ ಬಚ್ಚಲಿನ ಹಂಡೆಯ ಕುದಿನೀರು ಬಿದ್ದು ನನ್ನ ಬಲಭುಜದ ಹಿಂಭಾಗ ಸುಟ್ಟಿತ್ತು. ಆ ಚರ್ಮ ಇಂದಿಗೂ ಹಾಲಿನ ಕೆನೆಯಂತೆ ಸುಕ್ಕುಗಟ್ಟಿಯೇ ಇದೆ. ಮದುವೆ ಗೊತ್ತಾದಾಗ ಅಮ್ಮ ಗಂಡಿನ ಕಡೆಯವರಿಗೆ ಇದನ್ನು ಹೇಳಲಿಲ್ಲ, ಟೇಲರನಿಗೆ ಮಾತ್ರ ಹೇಳಿದಳು. ಕತ್ತಿನ ಬುಡದವರೆಗೆ ಬೆನ್ನು, ಮೊಣಕೈವರೆಗೆ ತೋಳು, ಒಳಗೆ ದಪ್ಪ ಲೈನಿಂಗ್. ಮಂಟಪದಲ್ಲಿ ಕೂತಿದ್ದಾಗ ಗಂಡಿನ ಸೋದರತ್ತೆಯೊಬ್ಬರು ಎಲ್ಲರಿಗೂ ಕೇಳುವಂತೆ, ಈ ಕಾಲದಲ್ಲೂ ಇಷ್ಟು ಲಕ್ಷಣವಾಗಿ ಹೊಲಿಸಿಕೊಳ್ಳುವ ಹುಡುಗಿಯರಿದ್ದಾರೆ ನೋಡಿ ಎಂದರು. ನಾನು ತಲೆ ತಗ್ಗಿಸಿದೆ, ಅದಕ್ಕೂ ಹೊಗಳಿದರು. ಆಮೇಲೆ ನಮ್ಮ ಮನೆಯವರಿಗೆ ತಿಳಿದಾಗ ಅವರು ಏನೂ ಅನ್ನಲಿಲ್ಲ, ಆದರೆ ಅವರು ಅನ್ನದೆ ಬಿಟ್ಟದ್ದನ್ನೆಲ್ಲ ಅವರ ಪರವಾಗಿ ನಾನೇ ಬಹಳ ಕಾಲ ನನಗೆ ಅಂದುಕೊಂಡೆ. ಇಂದಿಗೂ ನನ್ನ ರವಿಕೆಗಳ ಬೆನ್ನು ಕತ್ತಿನ ಬುಡದಲ್ಲಿಯೇ ಇದೆ. ನೋಡು, ಮೇಡಂ ಎಷ್ಟು ಮರ್ಯಾದೆಯಾಗಿ ಹಾಕಿಕೊಂಡಿದ್ದಾರೆ ಎಂದು ತಾಯಂದಿರು ನನ್ನನ್ನು ತೋರಿಸಿ ಮಕ್ಕಳನ್ನು ಬಗ್ಗಿಸುತ್ತಾರೆ. ನಾನು ನಕ್ಕು ಪುಸ್ತಕದಲ್ಲಿ ಇಂಚು ಬರೆದುಕೊಳ್ಳುತ್ತೇನೆ. ಕೋಟೆಯ ಮೆಟ್ಟಿಲ ಮೇಲೆ, ಅಷ್ಟೂ ಕ್ಯಾಮೆರಾಗಳಿಗೆ ಬೆನ್ನು ಮಾಡಿ ನಿಂತ ಆ ರಾಜಕುಮಾರಿಯ ಮೇಲೆ ನನಗೆ ಬಂದದ್ದು ಮೆಚ್ಚುಗೆಯಲ್ಲ ಕಣೋ, ಹೊಟ್ಟೆಕಿಚ್ಚು.

ಇಷ್ಟನ್ನೆಲ್ಲ ಬರೆಯುವ ಉದ್ದೇಶವಿರಲಿಲ್ಲ. ಇನ್ನು ಓದಿದವರೆಲ್ಲ ಅಂಗಡಿಗೆ ಬಂದು ನನ್ನ ಭುಜ ನೋಡಲು ಕತ್ತು ಉದ್ದ ಮಾಡುತ್ತಾರೆ. ಬರಲಿ, ಬಂದವರು ಒಂದೊಂದು ಫಾಲ್ ಹಾಕಲಾದರೂ ಕೊಟ್ಟು ಹೋದರೆ ಈ ತಿಂಗಳ ಕರೆಂಟ್ ಬಿಲ್ಲಿಗಾದೀತು.

ರವಿಕೆಯನ್ನು ಮಗಳು ಹೇಳಿದ ಅಳತೆಗೇ ಕತ್ತರಿಸುತ್ತೇನೆ. ಮೂರು ಇಂಚು ಬೇಕೇ ಬೇಕೆಂದರೆ ಶನಿವಾರ ಟ್ರಯಲ್‌ಗೆ ಅವಳ ಜೊತೆ ನೀನೇ ಬಂದು, ಟೇಪು ಹಿಡಿದು, ಅವಳಿಗೇ ಹೇಳು. ನಾನು ಒಳಗೆ ಕಾಫಿ ಮಾಡುತ್ತಿರುತ್ತೇನೆ. ಬರುವಾಗ ನಿನ್ನ ಜುಬ್ಬಾದ ಬಟ್ಟೆಯನ್ನೂ ತಾ, ಮತ್ತು ಹೊಟ್ಟೆಯ ಸುತ್ತಳತೆಯನ್ನು ಕಾಲೇಜಿನ ಕಾಲದ ನೆನಪಿನಿಂದ ಹೇಳಬೇಡ. ನಿನ್ನದನ್ನು ಮುಚ್ಚಲು ಎಷ್ಟು ಬಟ್ಟೆ ಬೇಕೆಂದು ಬೀಗರು ಕೇಳುವುದಿಲ್ಲ, ನಾನು ಕೇಳಲೇಬೇಕು.

ಇಂತಿ ನಿನ್ನ,
ಸೂಜಿಮಲ್ಲಿಗೆ