ಅವ್ವ, ಸಿದ್ದೂನ ಮಚ್ಚೆಗಳ ಬಗ್ಗೆ

ಲೀಡ್ಸ್
ನವೆಂಬರ್ 9

ಪ್ರೀತಿಯ ಅವ್ವ,

ಮೊನ್ನೆ ಫೋನಿನಲ್ಲಿ ನನ್ನ ಮಗ ಸಿದ್ದೂಗೆ ಕ್ಯಾನ್ಸರ್ ಅಂದ ಕೂಡಲೇ ನೀನು ಅಳತೊಡಗಿದೆ. ನನಗೂ ತಡೆಯಲಾಗಲಿಲ್ಲ. ಮುಂದಿನದು ಹೇಳಲು ಆಗಲೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ವೈನಿ ನಿಧಾನವಾಗಿ ಓದಿ ಹೇಳಲಿ. ಅಪ್ಪನೂ ಮಗ್ಗ ನಿಲ್ಲಿಸಿ ಕೇಳಲಿ.

ಸಿದ್ದು ಉಣ್ಣುತ್ತಾನೆ, ಆಡುತ್ತಾನೆ, ಶಾಲೆಗೆ ಹೋಗುತ್ತಾನೆ. ನೋವಿಲ್ಲ, ಜ್ವರವಿಲ್ಲ.

ಬೇಸಿಗೆಯಲ್ಲಿ ಊರಿಗೆ ಬಂದಾಗ ಅವನ ತೊಡೆ, ಕುಂಡಿಯ ಮೇಲೆ ಬಿಳಿ ಮಚ್ಚೆ ಕಂಡವಲ್ಲ, ಚಿಬ್ಬು ಅಂದುಕೊಂಡು ಮುಲಾಮು ಹಚ್ಚಿದೆವು. ಪಕ್ಕದ ಮನೆಯವರು ತೊನ್ನು ಅಂದರು. ಆಗ ನೀನು ತೊನ್ನಿಗೆ ಹಚ್ಚುವ ಬಾವಂಚಿ ಬೀಜದ ಎಣ್ಣೆ ತರಿಸಿದೆ. ಇಲ್ಲಿಯ ಡಾಕ್ಟರಿಗೂ ನೋಡಿದ ಕೂಡಲೇ ಗೊತ್ತಾಗಲಿಲ್ಲ. ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮೊದಲ ಸಲ ಏನೂ ಖಚಿತವಾಗಲಿಲ್ಲ, ಎರಡನೇ ಸಲ ತಿಳಿಯಿತು. ಕೆಲವು ಮಕ್ಕಳಲ್ಲಿ ವರ್ಷಗಟ್ಟಲೆ ತಿಳಿಯುವುದೇ ಇಲ್ಲವಂತೆ. ನಾನೇ ತಡ ಮಾಡಿದೆ ಅಂತ ನೀನು ಕೊರಗಬೇಡ.

ಈ ಕ್ಯಾನ್ಸರಿನ ಹೆಸರು ಮೈಕೋಸಿಸ್ ಫಂಗಾಯಿಡಿಸ್. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಟಿ-ಸೆಲ್ ಅಂತ ಒಂದು ಬಗೆ. ಅವೇ ಕೆಟ್ಟು ಚರ್ಮದಲ್ಲಿ ಬಂದು ಕೂತಿವೆ. ಮಕ್ಕಳಲ್ಲಿ ತೀರಾ ಅಪರೂಪ. ನಮ್ಮಂಥ ಮೈಬಣ್ಣದ ಮಕ್ಕಳಲ್ಲಿ ಹೆಚ್ಚಾಗಿ ಹೀಗೆ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಈ ಬಗೆ ಬಹಳ ನಿಧಾನದ್ದು. ಅವನದು ಚರ್ಮದಲ್ಲಷ್ಟೇ ಇದೆ, ಮೊದಲ ಹಂತ. ಕೀಮೋ ಬೇಡ ಅಂದಿದ್ದಾರೆ. ಇದು ಯಾರಿಗೂ ಅಂಟುವುದಿಲ್ಲ. ಯಾರಾದರೂ ಕೇಳಿದರೆ ಮುಚ್ಚಿಡಬೇಡ.

ಚಿಕಿತ್ಸೆ ಬೆಳಕಿನದು. ಬೀರುವಿನಂಥ ಒಂದು ಪೆಟ್ಟಿಗೆ, ಒಳಗೆ ಸುತ್ತಲೂ ಟ್ಯೂಬ್‌ಲೈಟು. ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ನಿಲ್ಲಬೇಕು. ವಾರಕ್ಕೆ ಮೂರು ಸಲ. ಮೊದಲ ದಿನ ಕೆಲವೇ ಸೆಕೆಂಡು, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಅವನು ಒಳಗಿನಿಂದ ಕನ್ನಡದಲ್ಲಿ ಎಣಿಸುತ್ತಾನೆ ಅವ್ವ, ನೀನು ಕಲಿಸಿದ ಹಾಗೆ. ನಾನು ಬಾಗಿಲ ಹೊರಗೆ ನಿಂತು ಕೇಳುತ್ತೇನೆ.

ಬಿಸಿಲೇ ಮದ್ದಾದರೆ ಗುಳೇದಗುಡ್ಡದಲ್ಲಿ ಅದಕ್ಕೇನು ಬರವೇ ಅಂತ ಅಪ್ಪ ಕೇಳಿದರಂತೆ. ಅಪ್ಪ, ಬಿಸಿಲಿನಲ್ಲಿ ಎಲ್ಲ ಬಗೆಯ ಕಿರಣ ಇರುತ್ತವೆ. ಎಷ್ಟು ಬಿತ್ತು ಅಂತ ಅಳೆಯಲೂ ಆಗುವುದಿಲ್ಲ. ಈ ದೀಪ ಒಂದೇ ಬಗೆಯ ಕಿರಣವನ್ನಷ್ಟೇ, ಅಂದರೆ ಅಲೆಯ ಉದ್ದ 311 ನ್ಯಾನೊಮೀಟರ್ ಆಸುಪಾಸಿನದನ್ನಷ್ಟೇ ಬಿಡುತ್ತದೆ, ಅದೂ ಅಳೆದು. ಅಲ್ಲದೆ ಅವನ ಮಚ್ಚೆಗಳೆಲ್ಲ ಬಟ್ಟೆಯೊಳಗೆ, ಬಿಸಿಲು ತಾಗದ ಜಾಗದಲ್ಲೇ ಇವೆ.

ಅವ್ವ, ಬಾವಂಚಿ ಎಣ್ಣೆ ಮಾತ್ರ ಕಳಿಸಬೇಡ. ಆ ಬೀಜದಲ್ಲಿ ಸೋರಲೆನ್ ಅಂತ ಒಂದು ರಾಸಾಯನಿಕ ಇದೆ. ಅದನ್ನು ಹಚ್ಚಿದ ಚರ್ಮದ ಮೇಲೆ ಬೆಳಕು ಬಿದ್ದರೆ ಸುಟ್ಟು ಬೊಬ್ಬೆ ಏಳಬಹುದು. ಆದರೆ ಒಂದು ವಿಷಯ ಕೇಳು. 1970ರ ದಶಕದಿಂದ ಇದೇ ರೋಗಕ್ಕೆ ಸೋರಲೆನ್ ಕೊಟ್ಟು, ಬೇರೆ ಬಗೆಯ ಬೆಳಕು ಬಿಡುವ ಚಿಕಿತ್ಸೆಯೂ ಇದೆ. ಮಕ್ಕಳಿಗೆ ಈಗಿನದೇ ಹಗುರ ಅಂತ ಇದನ್ನು ಕೊಡುತ್ತಿದ್ದಾರೆ. ನಿನ್ನ ಕೈ ಸುಮ್ನೆ ಆ ಬಾಟಲಿಗೆ ಹೋಗಿರಲಿಲ್ಲ. ಡಾಕ್ಟರ್ ಇದನ್ನು ಹೇಳುವಾಗ ನೀನು ಪಕ್ಕದಲ್ಲಿ ಇರಬೇಕಿತ್ತು ಅನ್ನಿಸಿತು.

ಇನ್ನೂ ಕೆಲವು ತಿಂಗಳು ಹೀಗೇ ನಡೆಯಬೇಕು. ಹಾಗಾಗಿ ಈ ಸಲ ಬನಶಂಕರಿ ಜಾತ್ರೆಗೆ ಬರಲಾಗುವುದಿಲ್ಲ. ವಾಸಿಯಾದ ಮೇಲೂ ಮಚ್ಚೆ ಮರಳಬಹುದು, ವರ್ಷಗಟ್ಟಲೆ ತೋರಿಸುತ್ತಿರಬೇಕು. ತೊಡೆಯ ಮೇಲಿನ ದೊಡ್ಡ ಮಚ್ಚೆಯ ಅಂಚಿಗೆ ಬಣ್ಣ ಮರಳುತ್ತಿದೆ. ನಿನ್ನೆ ಸ್ನಾನ ಮಾಡಿಸುವಾಗ ಕಂಡಿತು.

ಅವನಿಗೆ ಐವತ್ತರವರೆಗೆ ಮಾತ್ರ ಎಣಿಸಲು ಬರುತ್ತದೆ. ಮುಂದಿನ ವಾರ ದೀಪದ ಹೊತ್ತು ಐವತ್ತು ಸೆಕೆಂಡು ದಾಟುತ್ತದೆ. ಭಾನುವಾರ ಫೋನ್ ಮಾಡುತ್ತೇನೆ, ಮುಂದಿನದು ಕಲಿಸಿಕೊಡು.

ನಿನ್ನ ಮಗಳು