ಸ್ಲೈಡ್ ಫಿಲ್ಮನ್ನು ಫ್ರೀಜರಿನಲ್ಲಿ ತುಂಬಿಡುವ ಮೊದಲು: ಗೆಳೆಯನಿಗೊಂದು ಪತ್ರ

ವಿರಾಜಪೇಟೆ, ಕೊಡಗು

ಪ್ರಿಯ ಉತ್ತಯ್ಯ,

ನಿನ್ನ ಪತ್ರ ಕೈಸೇರಿತು. ವೆಲ್ವಿಯಾ, ಪ್ರೊವಿಯಾ, ಎಕ್ಟಾಕ್ರೋಮ್ ಎಂಬ ಸ್ಲೈಡ್ ಫಿಲ್ಮುಗಳಲ್ಲಿ (ನೆಗೆಟಿವ್ ಅಲ್ಲದೆ ನೇರವಾಗಿ ಬಣ್ಣದ ಚಿತ್ರವೇ ಮೂಡುವ ಪಾರದರ್ಶಕ ಫಿಲ್ಮುಗಳಲ್ಲಿ) ಯಾವುದು ಸಿಕ್ಕರೂ ಸಿಕ್ಕಷ್ಟು ಕೊಂಡು, ಹತ್ತು ವರ್ಷಕ್ಕಾಗುವಷ್ಟು ರೋಲುಗಳನ್ನು ಮೈಸೂರಿನ ಮನೆಯ ಫ್ರೀಜರಿನಲ್ಲಿ ತುಂಬಿಡಬೇಕೆಂದು ನೀನು ನಿಶ್ಚಯಿಸಿರುವಂತೆ ಕಾಣುತ್ತದೆ. ಈ ವಿಷಯವನ್ನು ಫೋನಿನಲ್ಲಿ ಎರಡು ಮಾತು ಆಡಿ ಮುಗಿಸುವುದಕ್ಕಿಂತ ಬರೆದು ತಿಳಿಸುವುದೇ ಮೇಲೆನಿಸಿತು. ಇನ್ನೂ ಫಿಲ್ಮ್ ಕ್ಯಾಮೆರಾ ಕೈಬಿಡದ ನಮ್ಮ ಹಲವು ಸ್ನೇಹಿತರು ಇದೇ ಪ್ರಶ್ನೆಯನ್ನು ಕೇಳುತ್ತಿರುವುದರಿಂದ, ನಿನ್ನ ಅಭ್ಯಂತರವಿರಲಾರದೆಂಬ ಸಲಿಗೆಯಿಂದ ಎಲ್ಲರೂ ಓದುವಂತೆ ಹಂಚಿಕೊಳ್ಳುತ್ತಿದ್ದೇನೆ.

ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ: ತುಂಬಿಡಬೇಡ. ಸ್ಲೈಡ್ ಫಿಲ್ಮಿನ ಭವಿಷ್ಯದ ಬಗ್ಗೆ ನಿನಗಿರುವ ಆತಂಕ ಸಕಾರಣವಾದದ್ದೇ, ಆದರೆ ಅಪಾಯವಿರುವುದು ನೀನು ನೋಡುತ್ತಿರುವ ಕಡೆಯಲ್ಲಲ್ಲ. ಅಂಗಡಿಯಲ್ಲಿ ರೋಲು ಸಿಗದಂತಾಗುವ ದಿನಕ್ಕಿಂತ ಮೊದಲೇ, ತೆಗೆದ ರೋಲನ್ನು ಸರಿಯಾಗಿ ತೊಳೆದುಕೊಡುವ ಲ್ಯಾಬು ಇಲ್ಲದ ದಿನ ಬಂದೀತು. ಆಗ ನಿನ್ನ ಫ್ರೀಜರಿನಲ್ಲಿರುವುದು ಬಳಕೆಗೆ ಬಾರದ ಸರಕಷ್ಟೇ.

ಕೋಡಾಕ್ ಕಂಪನಿಯ ಕೋಡಾಕ್ರೋಮ್ ಎಂಬ ಹಳೆಯ ಸ್ಲೈಡ್ ಫಿಲ್ಮಿನ ವಿಷಯದಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. 1935ರಲ್ಲಿ ಸಿನಿಮಾ ಫಿಲ್ಮಾಗಿ ಬಂದು ಮರುವರ್ಷ 35 ಮಿ.ಮೀ. ಕ್ಯಾಮೆರಾಗಳಿಗೂ ದೊರೆತ ಆ ಫಿಲ್ಮನ್ನು ರೂಪಿಸಿದವರು ಲಿಯೊಪೋಲ್ಡ್ ಮ್ಯಾನೆಸ್ ಮತ್ತು ಲಿಯೊಪೋಲ್ಡ್ ಗೊಡೊವ್‌ಸ್ಕಿ ಎಂಬ ಇಬ್ಬರು ಸಂಗೀತಗಾರರು. ಬಣ್ಣ ಹುಟ್ಟಿಸುವ ಕಪ್ಲರ್ ಎಂಬ ದ್ರವ್ಯಗಳು ಅದರಲ್ಲಿ ಫಿಲ್ಮಿನೊಳಗೆ ಇರಲಿಲ್ಲ, ತೊಳೆಯುವ ದ್ರಾವಣಗಳಲ್ಲಿದ್ದವು. ಮೂರು ಬಣ್ಣಗಳನ್ನು ಮೂರು ಬೇರೆ ಬೇರೆ ಹಂತಗಳಲ್ಲಿ ಹುಟ್ಟಿಸಬೇಕಾಗಿದ್ದ ಕೆ-14 ಎಂಬ ಆ ಪದ್ಧತಿಯನ್ನು ನಡೆಸಲು ದೊಡ್ಡ ಯಂತ್ರವೂ ಅದನ್ನು ಬಲ್ಲ ರಸಾಯನತಜ್ಞರೂ ಬೇಕಿದ್ದರಿಂದ, ಮನೆಯಲ್ಲಾಗಲಿ ಊರಿನ ಸ್ಟುಡಿಯೋದಲ್ಲಾಗಲಿ ಅದು ಆಗುವ ಕೆಲಸವಾಗಿರಲಿಲ್ಲ. 2009ರ ಜೂನ್‌ನಲ್ಲಿ ಕೋಡಾಕ್ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದಾಗ ಇಡೀ ಜಗತ್ತಿನಲ್ಲಿ ಅದನ್ನು ತೊಳೆಯುತ್ತಿದ್ದುದು ಅಮೆರಿಕದ ಕಾನ್ಸಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನ ಡ್ವೇನ್ಸ್ ಫೋಟೊ ಒಂದೇ. ಆ ಲ್ಯಾಬು ಕೂಡ 2010ರ ಡಿಸೆಂಬರ್ 30ರ ನಂತರ ರೋಲುಗಳನ್ನು ಸ್ವೀಕರಿಸಲಿಲ್ಲ. ಅಂದು ಜಗತ್ತಿನ ಎಷ್ಟೋ ಮನೆಗಳಲ್ಲಿ ಜೋಪಾನವಾಗಿಟ್ಟಿದ್ದ ಕೋಡಾಕ್ರೋಮ್ ರೋಲುಗಳಿಂದ ಇಂದು ಕಪ್ಪುಬಿಳುಪು ಚಿತ್ರ ಬಂದರೆ ಅದೇ ಪುಣ್ಯ.

ಈಗ ಸಿಗುವ ಸ್ಲೈಡ್ ಫಿಲ್ಮುಗಳ ಸ್ಥಿತಿ ಅಷ್ಟು ಬಿಗಿಯಾದುದಲ್ಲ ಎನ್ನುವುದನ್ನು ಒಪ್ಪುತ್ತೇನೆ. ಎಕ್ಟಾಕ್ರೋಮ್, ವೆಲ್ವಿಯಾ, ಪ್ರೊವಿಯಾ ಮೂರನ್ನೂ ತೊಳೆಯುವುದು ಇ-6 ಎಂಬ ಪದ್ಧತಿಯಲ್ಲಿ. ಕಪ್ಲರುಗಳು ಫಿಲ್ಮಿನ ಪದರಗಳಲ್ಲೇ ಇರುವುದರಿಂದ ಕೆಲಸ ಸುಲಭ, ತಾಳ್ಮೆಯಿದ್ದವರು ಮನೆಯಲ್ಲಿಯೇ ಮಾಡಬಹುದು. ಆದರೆ ಎಲ್ಲವೂ ನಿಂತಿರುವುದು ಮೊದಲ ಡೆವಲಪರಿನ, ಅಂದರೆ ಚಿತ್ರ ಮೂಡಿಸುವ ಮೊದಲ ದ್ರಾವಣದ ಮೇಲೆ. 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರು ನಿಮಿಷ, ಅದೂ ಅರ್ಧ ಡಿಗ್ರಿಯಷ್ಟೂ ಆಚೀಚೆಯಾಗದಂತೆ ನಡೆಯಬೇಕಾದ ಆ ಹಂತದಲ್ಲಿ ಫಿಲ್ಮಿನೊಳಗೆ ಮೊದಲು ಒಂದು ಕಪ್ಪುಬಿಳುಪು ನೆಗೆಟಿವ್ ಮೂಡುತ್ತದೆ. ಅದರಲ್ಲಿ ಬಳಕೆಯಾಗದೆ ಉಳಿದ ಬೆಳ್ಳಿಯ ಲವಣವೇ ಮುಂದೆ ಬಣ್ಣದ ಚಿತ್ರಕ್ಕೆ ಆಧಾರವಾಗುತ್ತದೆ. ಇಲ್ಲಿ ಸ್ವಲ್ಪ ಹೊತ್ತು ಹೆಚ್ಚಾದರೆ ಸ್ಲೈಡು ಪೇಲವವಾಗುತ್ತದೆ, ಕಡಿಮೆಯಾದರೆ ಕತ್ತಲುಗಟ್ಟುತ್ತದೆ. ನೆಗೆಟಿವ್ ಆಗಿದ್ದರೆ ಪ್ರಿಂಟ್ ಹಾಕುವಾಗ ತಿದ್ದಿಕೊಳ್ಳಬಹುದಿತ್ತು. ಸ್ಲೈಡಿನಲ್ಲಿ ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ಕೊನೆಯ ಚಿತ್ರ, ನಂತರದ ದುರಸ್ತಿಗೆ ಅಲ್ಲಿ ಎಡೆಯಿಲ್ಲ.

ಆದ್ದರಿಂದ ಇ-6 ಲ್ಯಾಬು ಚೆನ್ನಾಗಿ ನಡೆಯಬೇಕಾದರೆ ಅದಕ್ಕೆ ದಿನವೂ ರೋಲುಗಳು ಬರುತ್ತಿರಬೇಕು. ಸತತವಾಗಿ ಕೆಲಸವಿದ್ದಾಗ ದ್ರಾವಣಗಳಿಗೆ ಹೊಸದನ್ನು ಸೇರಿಸುತ್ತ ಅವುಗಳ ಶಕ್ತಿಯನ್ನು ಸಮನಾಗಿ ಇಟ್ಟುಕೊಳ್ಳಬಹುದು. ಕೆಲಸವಿಲ್ಲದಿದ್ದರೆ ಗಾಳಿ ತಾಗಿ ಅವು ಕೆಡುತ್ತವೆ. ರೋಲುಗಳು ಕಡಿಮೆಯಾದ ಮೇಲೆ ಲ್ಯಾಬಿನವರು ಸಾಕಷ್ಟು ಕೂಡಿಬರುವವರೆಗೆ ಕಾಯಿಸುತ್ತಾರೆ, ಕಾಯುವ ಗ್ರಾಹಕ ಬೇಸತ್ತು ಡಿಜಿಟಲ್ಲಿಗೆ ಹೋಗುತ್ತಾನೆ, ಅವನು ಹೋದ ಮೇಲೆ ಇನ್ನಷ್ಟು ಕಾಯಬೇಕಾಗುತ್ತದೆ. ನಾನು ರೋಲು ಕಳಿಸುತ್ತಿದ್ದ ಬೆಂಗಳೂರಿನ ಲ್ಯಾಬೊಂದು ಹೀಗೆಯೇ ಇ-6 ಕೆಲಸವನ್ನು ಮೆಲ್ಲಗೆ ಬಿಟ್ಟುಬಿಟ್ಟಿತು. ಅಂಗಡಿ ಈಗಲೂ ಇದೆ, ನೆಗೆಟಿವ್ ತೊಳೆದುಕೊಡುತ್ತಾರೆ. ಮಡಿಕೇರಿಯಲ್ಲಿ ಈ ಕೆಲಸ ಎಂದೂ ಇದ್ದದ್ದಲ್ಲ, ದೇಶದಲ್ಲಿ ಉಳಿದಿರುವುದೂ ಬೆರಳೆಣಿಕೆಯಷ್ಟು ಲ್ಯಾಬುಗಳು. ಇದರ ನಡುವೆ ಸಮಾಧಾನದ ಸಂಗತಿಯೂ ಒಂದಿದೆ. ಇ-6ರ ಬಣ್ಣದ ಡೆವಲಪರಿನಲ್ಲಿರುವ ಸಿಡಿ-3 ಎಂಬ ಮೂಲದ್ರವ್ಯವನ್ನೇ ಸಿನಿಮಾ ನೆಗೆಟಿವ್ ತೊಳೆಯಲಿಕ್ಕೂ ಬಣ್ಣದ ಫೋಟೊ ಕಾಗದ ತೊಳೆಯಲಿಕ್ಕೂ ಬಳಸುತ್ತಾರೆ, ಆದ್ದರಿಂದ ಮದುವೆಯ ಫೋಟೊಗಳು ಕಾಗದದ ಮೇಲೆ ಅಚ್ಚಾಗುತ್ತಿರುವವರೆಗೆ ಆ ದ್ರವ್ಯವೇ ಇಲ್ಲದಂತಾಗುವ ಭಯವಿಲ್ಲ.

ತಯಾರಕರನ್ನು ನೀನು ಬಹಳ ಕಟುವಾಗಿ ಬೈದಿದ್ದೀಯೆ. 2010ರಿಂದ 2013ರ ನಡುವೆ ವೆಲ್ವಿಯಾ, ಪ್ರೊವಿಯಾ ತಯಾರಿಸುವ ಫ್ಯೂಜಿಯವರು ಸೆನ್ಸಿಯಾ, ಅಸ್ಟಿಯಾ, ವೆಲ್ವಿಯಾ 100ಎಫ್, ಪ್ರೊವಿಯಾ 400ಎಕ್ಸ್ ಎಂದು ಒಂದೊಂದನ್ನೇ ನಿಲ್ಲಿಸುತ್ತ ಬಂದದ್ದೂ, ಕೋಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿ ಮಾರ್ಚ್‌ನಲ್ಲಿ ಉಳಿದ ಎಕ್ಟಾಕ್ರೋಮ್‌ಗಳನ್ನೆಲ್ಲ ಕೈಬಿಟ್ಟದ್ದೂ ನನಗೂ ನೋವಿನ ವಿಷಯಗಳೇ. ಆದರೆ ಫಿಲ್ಮು ತಯಾರಾಗುವ ಬಗೆಯನ್ನು ಸ್ವಲ್ಪ ಯೋಚಿಸು. ಒಂದು ಮೀಟರಿಗೂ ಅಗಲವಾದ, ಉದ್ದದಲ್ಲಿ ಕಿಲೋಮೀಟರಿನ ಲೆಕ್ಕದ ಹಾಳೆಯ ಮೇಲೆ, ಗಾಢ ಕತ್ತಲಿನಲ್ಲಿ, ಕೂದಲೆಳೆಗಿಂತ ತೆಳುವಾದ ಹಲವು ಪದರಗಳನ್ನು ಹಚ್ಚುವ ಯಂತ್ರಗಳವು. ಜಗತ್ತಿನ ಚಿತ್ರಮಂದಿರಗಳಿಗೆಲ್ಲ ಪ್ರಿಂಟು ಒದಗಿಸುತ್ತಿದ್ದ ಕಾಲಕ್ಕೆ ಕಟ್ಟಿದ ಆ ಯಂತ್ರವನ್ನು ಇಂದಿನ ಸ್ಲೈಡ್ ಫಿಲ್ಮಿನ ಬೇಡಿಕೆಗಾಗಿ ಓಡಿಸುವುದೆಂದರೆ, ದೊಡ್ಡ ಎಸ್ಟೇಟಿನ ಪಲ್ಪರನ್ನು ಒಂದು ಬುಟ್ಟಿ ಕಾಫಿ ಹಣ್ಣಿಗಾಗಿ ಚಾಲೂ ಮಾಡಿದ ಹಾಗೆ. ಒಮ್ಮೆ ಹಚ್ಚಿದ ಸರಕು ಎಕ್ಸ್‌ಪೈರಿ ತಾರೀಕಿನೊಳಗೆ ಖರ್ಚಾಗಲೇಬೇಕು. ಖರ್ಚಾಗುವ ಅಂದಾಜಿಲ್ಲದಿದ್ದರೆ ಯಾವ ಕಂಪನಿಯೂ ಯಂತ್ರ ಹೂಡುವುದಿಲ್ಲ. ಚಿತ್ರಮಂದಿರಗಳು ಡಿಜಿಟಲ್ ಪ್ರೊಜೆಕ್ಷನ್ನಿಗೆ ಹೊರಳಿದಾಗ ಬಿದ್ದ ನಿಜವಾದ ಪೆಟ್ಟು ಇದೇ. ಫ್ಯೂಜಿ 2013ರಲ್ಲಿ ಸಿನಿಮಾ ಶೂಟಿಂಗಿನ ಫಿಲ್ಮನ್ನೇ ನಿಲ್ಲಿಸಿತು. ಕೋಡಾಕ್ ಉಳಿದದ್ದು ಹಾಲಿವುಡ್ಡಿನ ಕೆಲವು ನಿರ್ದೇಶಕರು ಪಟ್ಟುಹಿಡಿದು, ಸ್ಟುಡಿಯೋಗಳು ಫಿಲ್ಮು ಕೊಳ್ಳುವ ಕರಾರಿಗೆ ಒಪ್ಪಿದ್ದರಿಂದ. 2017ರ ಜನವರಿಯಲ್ಲಿ ಘೋಷಿಸಿ 2018ರಲ್ಲಿ ಎಕ್ಟಾಕ್ರೋಮ್ ಇ100 ಮರಳಿ ತರಲು ಸಾಧ್ಯವಾದದ್ದು, ನಮ್ಮಂಥವರ ಪ್ರೀತಿಗಿಂತ ಹೆಚ್ಚಾಗಿ, ಸಿನಿಮಾದ ದೆಸೆಯಿಂದ ಆ ಕಾರ್ಖಾನೆ ಇನ್ನೂ ನಡೆಯುತ್ತಿದ್ದುದರಿಂದ ಎಂದೇ ನನ್ನ ಎಣಿಕೆ.

ಕೆಲವೊಮ್ಮೆ ಕಾರಣ ಬೇಡಿಕೆಯೂ ಆಗಿರುವುದಿಲ್ಲ. 2021ರಲ್ಲಿ ವೆಲ್ವಿಯಾ 100 ಅಮೆರಿಕದಲ್ಲಿ ನಿಂತುಹೋದದ್ದು, ಪ್ಲಾಸ್ಟಿಕ್ಕಿಗೆ ಬೆಂಕಿ ತಗುಲದಂತೆ ಬೆರೆಸುವ ಒಂದು ರಾಸಾಯನಿಕವನ್ನು ಅಲ್ಲಿನ ಪರಿಸರ ಸಂಸ್ಥೆ ನಿರ್ಬಂಧಿಸಿದ್ದರಿಂದ. ಅದೇ ರಾಸಾಯನಿಕ ಅತ್ಯಲ್ಪ ಪ್ರಮಾಣದಲ್ಲಿ ಆ ಫಿಲ್ಮಿನಲ್ಲಿಯೂ ಇತ್ತು. ಇನ್ನು ದೂರದ ಮಾತೇಕೆ, ನಮ್ಮ ನೆರೆಯ ನೀಲಗಿರಿಯ ಊಟಿಯಲ್ಲಿಯೇ 1960ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಇತ್ತಲ್ಲ. ‘ಇಂದು’ ಎಂಬ ಹೆಸರಿನಲ್ಲಿ ಅದು ಹೊರತರುತ್ತಿದ್ದ ಕಪ್ಪುಬಿಳುಪು ರೋಲುಗಳೂ ಎಕ್ಸ್‌ರೇ ಫಿಲ್ಮುಗಳೂ ದೇಶದ ಮೂಲೆಮೂಲೆಗೆ ಹೋಗುತ್ತಿದ್ದವು. ಸರ್ಕಾರದ ಒಡೆತನವೇ ಆ ಕಾರ್ಖಾನೆಯನ್ನು ಉಳಿಸಲಾರದೆ ಹೋದ ಮೇಲೆ ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದ ಕಂಪನಿಯಿಂದ ನಾವು ಇನ್ನೇನನ್ನು ನಿರೀಕ್ಷಿಸೋಣ?

ಎಳೆಯರು ಮತ್ತೆ ಫಿಲ್ಮಿನತ್ತ ಬರುತ್ತಿದ್ದಾರೆ, ಆದ್ದರಿಂದ ಸ್ಲೈಡಿಗೂ ಒಳ್ಳೆಯ ಕಾಲ ಬರುತ್ತದೆ ಎಂದು ಬರೆದಿದ್ದೀಯೆ. ಬರುತ್ತಿರುವುದು ನಿಜ, ಆದರೆ ಅವರು ಬರುತ್ತಿರುವುದು ಬಣ್ಣದ ನೆಗೆಟಿವಿಗೆ. 2023ರ ಕೊನೆಯಲ್ಲಿ ಇಂಗ್ಲೆಂಡಿನ ಹಾರ್ಮನ್ ಹೊಸದಾಗಿ ತಂದ ಫೀನಿಕ್ಸ್ ನೆಗೆಟಿವ್ ಫಿಲ್ಮೇ. 2024ರಲ್ಲಿ ಪೆಂಟ್ಯಾಕ್ಸ್ ತಂದ ಹೊಸ ಹಾಫ್‌ ಫ್ರೇಮ್ ಕ್ಯಾಮೆರಾವನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಅದಕ್ಕೆ ಹಾಕುವುದೂ ನೆಗೆಟಿವನ್ನೇ. ಎರಡು ಸ್ಟಾಪ್ ಹೆಚ್ಚು ಬೆಳಕು ಬಿದ್ದರೂ (ಒಂದು ಸ್ಟಾಪ್ ಹೆಚ್ಚೆಂದರೆ ಬೆಳಕು ಇಮ್ಮಡಿ) ನೆಗೆಟಿವ್ ಸಹಿಸಿಕೊಳ್ಳುತ್ತದೆ, ಸ್ಲೈಡು ಸಹಿಸುವುದಿಲ್ಲ. ಒಂದು ರೋಲಿಗೆ ಎರಡು ಸಾವಿರ ರೂಪಾಯಿಗೂ ಮಿಕ್ಕಿ ಕೊಟ್ಟು, ಅರ್ಧ ಸ್ಟಾಪಿನ ತಪ್ಪಿಗೆ ಫ್ರೇಮನ್ನು ಕಳೆದುಕೊಳ್ಳಲು ಹೊಸಬರು ಒಪ್ಪದಿದ್ದರೆ ಅವರನ್ನು ದೂರಲಾಗದು.

ಹಾಗಾದರೆ ಸ್ಲೈಡನ್ನು ಬಿಟ್ಟೇಬಿಡೋಣವೇ ಎಂದು ಕೇಳುತ್ತೀಯೆ. ಅದು ನನ್ನ ಮಾತಲ್ಲ. ಅದರ ಅಗತ್ಯವಿರುವ ಕಡೆ ಈಗಲೇ ಬಳಸು, ಬಳಸಿದ ಕೂಡಲೇ ತೊಳೆಸು ಎಂಬುದಷ್ಟೇ ನನ್ನ ಮಾತು. ಕಡಿಮೆ ಬೆಳಕಿನಲ್ಲೂ ಕೆಲಸಕ್ಕೆ ಬರುತ್ತಿದ್ದ ಐಎಸ್‌ಒ 400ರ ಸ್ಲೈಡ್ ಫಿಲ್ಮ್ ಹೋದ ಮೇಲೆ ನಾಗರಹೊಳೆಯ ಮುಂಜಾವಿನ ಮಬ್ಬಿನಲ್ಲಿ ಪ್ರಾಣಿಗಳ ಚಿತ್ರಕ್ಕಾಗಲಿ, ಹುತ್ತರಿಯ ರಾತ್ರಿ ಕದಿರು ತೆಗೆಯುವುದನ್ನು ಹಿಡಿಯುವುದಕ್ಕಾಗಲಿ ಸ್ಲೈಡನ್ನು ನೆಚ್ಚುವುದು ಹಟವಾದೀತು. ಅಲ್ಲಿ ನಾನು ಡಿಜಿಟಲ್ ಕ್ಯಾಮೆರಾವನ್ನೇ ಒಯ್ಯುತ್ತೇನೆ. ಕಾಫಿ ಹೂವಿನ ವಿಷಯ ಬೇರೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ರೊಬಸ್ಟಾ ತೋಟವೆಲ್ಲ ಒಟ್ಟಿಗೆ ಅರಳಿದಾಗ, ಕಡುಹಸಿರು ಎಲೆಯ ಬುಡದಲ್ಲಿ ಗೊಂಚಲುಗಟ್ಟಿ ಕೂತ ಆ ಬಿಳಿಯಲ್ಲಿ ಎಸಳಿನ ಅಂಚು, ಅದರ ಮೇಲೆ ಒತ್ತಿಕೊಂಡ ಕೇಸರದ ನೆರಳು, ಒಳಗಿನ ತಿಳಿಹಸಿರಿನ ಛಾಯೆ ಎಲ್ಲವೂ ಇವೆ. ಬಿಸಿಲೇರುವ ಮೊದಲು, ನೆರಳು ಮರಗಳ ಕೆಳಗಿನ ಸಮಬೆಳಕಿನಲ್ಲಿ, ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ನೇರವಾಗಿ ಹೂವಿನ ಮೇಲೆಯೇ ಹಿಡಿದು ಒಂದೂವರೆ ಸ್ಟಾಪ್ ಹೆಚ್ಚು ಕೊಟ್ಟರೆ ಪ್ರೊವಿಯಾ ಅದನ್ನೆಲ್ಲ ಉಳಿಸಿಕೊಳ್ಳುತ್ತದೆ; ಎರಡೂವರೆ ಕೊಟ್ಟರೆ ಹೂವಿನ ಜಾಗದಲ್ಲಿ ಬರಿಯ ಪಾರದರ್ಶಕ ಫಿಲ್ಮು ಉಳಿಯುತ್ತದೆ. ವೆಲ್ವಿಯಾ ಇಲ್ಲಿ ನನಗೆ ಹಿಡಿಸುವುದಿಲ್ಲ, ಅದರ ಹಸಿರು ಕಾಫಿ ಎಲೆಗೆ ಅತಿಯಾಯಿತು. ನೀನು ಒಪ್ಪುವುದಿಲ್ಲವೆಂದು ಬಲ್ಲೆ. ಲೈಟ್ ಬಾಕ್ಸಿನ ಮೇಲಿಟ್ಟು ಲೂಪ್ ಎಂಬ ಭೂತಗನ್ನಡಿಯಿಂದ ಆ ಸ್ಲೈಡನ್ನು ನೋಡುವಾಗ ಸಿಗುವುದು ಇನ್ನೊಂದು ಮಾಧ್ಯಮದಲ್ಲಿ ನನಗೆ ಸಿಕ್ಕಿಲ್ಲ, ಅದಕ್ಕಾಗಿಯೇ ಈ ಖರ್ಚು.

ಫ್ರೀಜರಿಗೆ ಹಾಕಬೇಕೆಂದಿರುವ ಹಣದಲ್ಲಿ ಒಂದು ಪಾಲನ್ನು ನಿನ್ನ ತಂದೆಯವರ ಸ್ಲೈಡುಗಳಿಗಾಗಿ ತೆಗೆದಿಡು ಎಂದು ಕೇಳಿಕೊಳ್ಳುತ್ತೇನೆ. ಕತ್ತಲಲ್ಲಿಟ್ಟ ಕೋಡಾಕ್ರೋಮಿನ ಬಣ್ಣ ದಶಕಗಳ ಕಾಲ ಮಾಸುವುದಿಲ್ಲ, ಆದರೆ ಅದೇ ಕಾಲದ ಎಕ್ಟಾಕ್ರೋಮ್‌ಗಳು ಕೆಂಪಿಗೆ ತಿರುಗುತ್ತ ಹೋಗುತ್ತವೆ. ಎರಡಕ್ಕೂ ಸಮಾನ ಶತ್ರು ನಮ್ಮ ಮಳೆಗಾಲದ ಬೂಷ್ಟು. ಫಿಲ್ಮಿನ ಜೆಲಟಿನ್ ಅದಕ್ಕೆ ಒಳ್ಳೆಯ ಆಹಾರ, ಕಾಗದದ ಮೌಂಟಿನ ಅಂಚಿನಲ್ಲಿ ಬಿಳಿಯ ಜೇಡರ ಬಲೆಯಂತೆ ಹುಟ್ಟಿ ಒಳಕ್ಕೆ ಹರಡುತ್ತದೆ. ಅವು ಇನ್ನೂ ಊರಮನೆಯ ಮರದ ಪೆಟ್ಟಿಗೆಯಲ್ಲಿದ್ದರೆ ಜೂನ್‌ಗೆ ಮುಂಚೆ ಮೈಸೂರಿಗೆ ಒಯ್ದುಬಿಡು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇಡು, ಮುಖ್ಯವಾದವುಗಳನ್ನು ಒಳ್ಳೆಯ ಕಡೆ ಸ್ಕ್ಯಾನ್ ಮಾಡಿಸು. ಕೋಡಾಕ್ 2004ರಲ್ಲಿಯೇ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆ ನಿಲ್ಲಿಸಿರುವುದರಿಂದ ಹಳೆಯ ಕ್ಯಾರೊಸೆಲ್ ಪ್ರೊಜೆಕ್ಟರನ್ನು ನೆಚ್ಚಿಕೊಂಡು ಕೂರುವುದು ಬೇಡ. ಬಲ್ಬು ಹೋದರೆ ಹುಡುಕುವುದೇ ದೊಡ್ಡ ಕೆಲಸ.

ಈ ವರ್ಷದ ಹೂವಿಗೆ ಬೇಕಾದಷ್ಟೇ ರೋಲು ತರಿಸೋಣ. ನಿನ್ನದು, ನನ್ನದು, ಗೋಣಿಕೊಪ್ಪದ ಸ್ನೇಹಿತರದು ಎಲ್ಲ ಸೇರಿಸಿ ಒಂದೇ ಪಾರ್ಸೆಲ್ಲಿನಲ್ಲಿ ಕಳಿಸಿದರೆ ಲ್ಯಾಬಿನವರಿಗೆ ಒಂದು ಬ್ಯಾಚಿನ ಕೆಲಸವಾಗುತ್ತದೆ, ನಮಗೂ ಕಾಯುವುದು ತಪ್ಪುತ್ತದೆ. ಯಾವ ವಾರ ದ್ರಾವಣ ಹೊಸದಾಗಿ ಕಲಸುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳುತ್ತೇನೆ. ಇಲ್ಲಿ ಮಳೆ ಬಿದ್ದ ದಿನವೇ ನಿನಗೆ ಫೋನ್ ಮಾಡುತ್ತೇನೆ, ಅಲ್ಲಿಂದ ವಾರದೊಳಗೆ ರಜೆ ಹೊಂದಿಸಿಕೋ, ಏಕೆಂದರೆ ಹೂವು ನಿಲ್ಲುವುದು ಎರಡು ಮೂರು ದಿನ ಮಾತ್ರ. ಬರುವಾಗ ಟ್ರೈಪಾಡ್ ತಾ. ನನ್ನದರ ಒಂದು ಕಾಲಿನ ಲಾಕ್ ಸವೆದು ನಿಲ್ಲುತ್ತಿಲ್ಲ.

ನಿನ್ನ,
ಬೋಪಯ್ಯ