ನೂರು ಅಡಿ ರೀಲಿನ ಋಣ

ಪ್ರಾಯೋಗಿಕ ಸಿನಿಮಾ ತರಗತಿಯ ವರ್ಷಾಂತ್ಯದ ಪ್ರದರ್ಶನ ಕಳೆದ ವಾರ ಬೆಂಗಳೂರಿನಲ್ಲಿ ಮುಗಿಯಿತು. ನನ್ನ ಪಾಲಿಗೆ ಬಂದದ್ದು 2 ನಿಮಿಷ 46 ಸೆಕೆಂಡು. 16 ಎಂ.ಎಂ. ಫಿಲ್ಮಿನ ನೂರು ಅಡಿಯ ಒಂದು ರೀಲು, ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ, ಅಷ್ಟು ಹೊತ್ತಿಗೆ ಮುಗಿದುಹೋಗುತ್ತದೆ. ಅದರಲ್ಲಿರುವ ನಾಲ್ಕು ಸಾವಿರ ಫ್ರೇಮುಗಳನ್ನೂ ನಾನು ತೆಂಗಿನಕಾಯಿಗಳಿಗೇ ವ್ಯಯಿಸಿದ್ದರಿಂದ, ನೆರವಾದವರ ಹೆಸರು ತೋರಿಸಲು ಕೊನೆಯಲ್ಲಿ ಜಾಗ ಉಳಿಯಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ. ಹೆಸರು ಹಾಕಬೇಡ ಎಂದು ಹೆಚ್ಚಿನವರು ಹೇಳಿರುವುದರಿಂದ ಅವರವರ ಕೆಲಸವನ್ನಷ್ಟೇ ಬರೆಯುತ್ತೇನೆ.

ನಮ್ಮದು ತಿಪಟೂರಿನ ಕಡೆಯ ಕೊಬ್ಬರಿ ಮನೆ. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹಾಕಿ ಬಿಟ್ಟರೆ, ಒಳಗಿನ ನೀರು ತಿಂಗಳುಗಟ್ಟಲೆ ನಿಧಾನವಾಗಿ ಇಂಗಿ, ತಿರುಳು ಒಣಗಿ, ಕೊನೆಗೊಂದು ದಿನ ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅದನ್ನು ಅವಸರಪಡಿಸುವ ಉಪಾಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಮೇಷ್ಟ್ರು ಮೊದಲ ವಾರದಲ್ಲಿ, 'ರಾಜಾ ಹರಿಶ್ಚಂದ್ರ'ಕ್ಕೂ (1913) ಮುನ್ನ ದಾದಾಸಾಹೇಬ ಫಾಲ್ಕೆಯವರು ಬಟಾಣಿ ಕಾಳು ಮೊಳೆತು ಗಿಡವಾಗುವುದನ್ನು ಒಂದೊಂದೇ ಫ್ರೇಮಿನಂತೆ ಸೆರೆಹಿಡಿದ ಕಥೆಯನ್ನು ಹೇಳಿದಾಗ, ನನಗೆ ಮೊದಲು ನೆನಪಾದದ್ದು ನಮ್ಮ ಅಟ್ಟ. ಬೆಳೆಯುವುದನ್ನು ಅವರು ತೆಗೆದರು, ನಾನು ಒಣಗುವುದನ್ನು ತೆಗೆಯುತ್ತೇನೆ ಎಂದೆ. ಕಥೆ ಏನು ಎಂದು ಕೇಳದೆ, ಎಷ್ಟು ತಿಂಗಳು ಬೇಕು ಎಂದಷ್ಟೇ ಕೇಳಿದ ಆ ಮೇಷ್ಟ್ರಿಗೆ ನನ್ನ ಮೊದಲ ನಮಸ್ಕಾರ.

ಅಟ್ಟದ ಚಿತ್ರಕ್ಕೆ ಕೈ ಹಾಕುವ ಮೊದಲಿನ ಎರಡು ಅಭ್ಯಾಸಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹಳೆಯ ಫಿಲ್ಮಿನ ತುಂಡನ್ನು ಸೂಜಿಯಿಂದ ಗೀರಿ ಚಿತ್ರ ಮಾಡಿದೆ, ಅದು ಗೀರಿದಂತೆಯೇ ಕಂಡಿತು. ಅಮೆರಿಕದ ಪ್ರಾಯೋಗಿಕ ಚಿತ್ರಕಾರ ಸ್ಟಾನ್ ಬ್ರಾಕೇಜ್ 1963ರಲ್ಲಿ ಕ್ಯಾಮೆರಾವನ್ನೇ ಬಳಸದೆ ಪತಂಗದ ರೆಕ್ಕೆಗಳನ್ನು ಪಾರದರ್ಶಕ ಟೇಪಿನ ನಡುವೆ ಅಂಟಿಸಿ ಮಾಡಿದ ಚಿತ್ರವನ್ನು ನೋಡಿ, ನಾನೂ ತೆಂಗಿನ ನಾರನ್ನು ಅಂಟಿಸಲು ಹೋಗಿ ಪ್ರೊಜೆಕ್ಟರಿನಲ್ಲಿ ಫಿಲ್ಮು ಹಾಯುವ ಸಂದಿಗೆ ಕಸ ತುಂಬಿದೆ. ಅದನ್ನು ಒಂದು ಮಧ್ಯಾಹ್ನವಿಡೀ ಕುಳಿತು ಕುಂಚದಿಂದ ಬಿಡಿಸಿಕೊಟ್ಟವರು ಉಪಕರಣ ಕೋಣೆಯ ಹಿರಿಯರು.

ಅವರ ಋಣ ಅಲ್ಲಿಗೇ ಮುಗಿಯುವುದಿಲ್ಲ. ಆಗಸ್ಟಿನಿಂದ ಮೇವರೆಗೆ ಹತ್ತು ತಿಂಗಳು, ತಿಂಗಳಿಗೊಂದು ಭಾನುವಾರ, ಸಲಕ್ಕೆ ನಾನೂರು ಫ್ರೇಮು ಎಂಬ ನನ್ನ ಲೆಕ್ಕಕ್ಕೆ, ಅಷ್ಟೂ ಕಾಲ ಒಂದು ಕ್ಯಾಮೆರಾದೊಳಗೆ ನನ್ನ ರೀಲು ಬಿಚ್ಚದೆ ಕುಳಿತಿರಬೇಕಾಗಿತ್ತು. ಇದ್ದದ್ದು ಕೀಲಿ ಕೊಟ್ಟು ಓಡಿಸುವ ಎರಡೇ ಬೋಲೆಕ್ಸ್ ಕ್ಯಾಮೆರಾಗಳು, ಕಲಿಯುವವರು ಒಂಬತ್ತು ಮಂದಿ. ಉಳಿದ ಎಂಟು ಜನರೂ ವರ್ಷವಿಡೀ ಒಂದನ್ನೇ ಹಂಚಿಕೊಂಡು, ಸರದಿ ತಪ್ಪಿದಾಗಲೂ ನನ್ನೆದುರು ಆ ಮಾತೆತ್ತಲಿಲ್ಲ. ನನ್ನ ಕ್ಯಾಮೆರಾದ ಬಾಗಿಲಿಗೆ ಆ ಹಿರಿಯರು ಬಿಳಿ ಟೇಪು ಅಂಟಿಸಿ, "ತೆರೆಯಬೇಡಿ, ಒಳಗೆ ತಿಪಟೂರು ಇದೆ" ಎಂದು ದುಂಡಗೆ ಬರೆದರು.

ಅದನ್ನು ತೆರೆದವನು ನಾನೇ. ಡಿಸೆಂಬರಿನ ಸರದಿ ಮುಗಿಸಿ ಬಂದ ರಾತ್ರಿ, ಫಿಲ್ಮು ನಿಜಕ್ಕೂ ಸರಿಯುತ್ತಿದೆಯೋ ಇಲ್ಲವೋ ಎಂಬ ಅನುಮಾನ ಹತ್ತಿ, ದೀಪದ ಕೆಳಗೆ ಬಾಗಿಲನ್ನು ತೆಗೆದು ಒಂದು ಕ್ಷಣ ನೋಡಿ ಮುಚ್ಚಿದೆ. ಐದು ತಿಂಗಳು ಹೋಯಿತೆಂದು ಕುಸಿದು ಕುಳಿತಾಗ, ಸುರುಳಿಯ ಹೊರಗಿನ ಸುತ್ತುಗಳಿಗಷ್ಟೇ ಬೆಳಕು ಬಿದ್ದಿರುತ್ತದೆ, ಒಳಗಿನವು ಉಳಿದಿರುತ್ತವೆ ಎಂದು ಅದೇ ಹಿರಿಯರು ಸಮಾಧಾನ ಹೇಳಿದರು. ಅವರ ಮಾತು ನಿಜವಾಯಿತು. ಡಿಸೆಂಬರಿನ ಕೊನೆಯೂ ಜನವರಿಯ ಆರಂಭವೂ ಸೇರುವಲ್ಲಿ ಚಿತ್ರ ಕಪ್ಪಿಗೆ ಮುಳುಗಿ ಮತ್ತೆ ಏಳುತ್ತದೆ. ಪ್ರದರ್ಶನದಲ್ಲಿ ಇದೊಂದು ಧೈರ್ಯದ ಪ್ರಯೋಗ ಎಂದು ಹೊಗಳಿದವರಿಗೆ ನಾನು ಎದುರಾಡಲಿಲ್ಲ, ಈಗ ಒಪ್ಪಿಕೊಳ್ಳುತ್ತಿದ್ದೇನೆ.

ಅಟ್ಟದಲ್ಲಿ ಬೆಳಕೆಂದರೆ ಹೆಂಚಿನ ಸಂದಿನಿಂದ ಇಳಿಯುವ ಕೆಲವು ಕೋಲುಗಳು ಮಾತ್ರ. ಹೀಗಾಗಿ ಬೆಳಿಗ್ಗೆ ಹತ್ತರಿಂದ ನಿಮಿಷಕ್ಕೊಂದು ಫ್ರೇಮಿನಂತೆ, ಎರಡು ಎಣಿಸುವಷ್ಟು ಹೊತ್ತು ಶಟರು ತೆರೆದಿಟ್ಟು, ಸಂಜೆ ಐದರ ಹತ್ತಿರದವರೆಗೆ ಕೂರಬೇಕಾಗಿತ್ತು. ನಾನು ಊಟಕ್ಕಿಳಿದಾಗ ಅಮ್ಮ ಏಣಿ ಹತ್ತಿ ಬಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಅರ್ಧ ಗಂಟೆ ಗಡಿಯಾರ ನೋಡುತ್ತ ಗುಂಡಿ ಒತ್ತುತ್ತಿದ್ದರು. ಲೆಕ್ಕ ಹಾಕಿದರೆ ಚಿತ್ರದಲ್ಲಿ ಹನ್ನೆರಡೂವರೆ ಸೆಕೆಂಡು ಅಮ್ಮನದು. ಅವು ಯಾವುವೆಂದು ಯಾರಿಂದಲೂ ಗುರುತಿಸಲಾಗಲಿಲ್ಲ, ಅಮ್ಮ ಮಾತ್ರ ತನ್ನದು ಹೆಚ್ಚು ಸ್ಪಷ್ಟವಾಗಿದೆ ಎನ್ನುತ್ತಾರೆ.

ಶಬ್ದದ ಋಣ ಅಪ್ಪನದು. ಕಾಯಿಯನ್ನು ಕಿವಿಯ ಬಳಿ ಹಿಡಿದು ಕುಲುಕಿ ಅದರ ಹದವನ್ನು ಹೇಳುವುದು ಅವರಿಗೆ ಉಸಿರಾಡಿದಷ್ಟು ಸಹಜ. ಗುರುತು ಹಾಕಿದ ಒಂದೇ ಕಾಯಿಯನ್ನು ಅವರು ಪ್ರತಿ ತಿಂಗಳೂ ನನ್ನ ಫೋನಿನ ಮುಂದೆ ಕುಲುಕಿದರು. ಆಗಸ್ಟಿನಲ್ಲಿ ನೀರು ಕುಳುಕುಳು ಎನ್ನುತ್ತಿತ್ತು. ಬರಬರುತ್ತ ಆ ಸದ್ದು ತೆಳುವಾಗಿ, ನಡುವೆ ಕೆಲವು ತಿಂಗಳು ಏನೂ ಇಲ್ಲದಂತಾಗಿ, ಮೇ ಹೊತ್ತಿಗೆ ಬಿಟ್ಟುಕೊಂಡ ಕೊಬ್ಬರಿ ಚಿಪ್ಪಿಗೆ ಬಡಿದು ಗಡಗಡ ಎಂದಿತು. ಮೂಕ ರೀಲಿಗೆ ನಾನು ಜೋಡಿಸಿದ ಧ್ವನಿ ಇಷ್ಟೇ. ಸಂಗೀತ ಹಾಕು ಎಂದು ಸಲಹೆ ಕೊಟ್ಟ ಗೆಳೆಯರ ಒಳ್ಳೆಯ ಮನಸ್ಸಿಗೂ, ಆ ಸಲಹೆಯನ್ನು ನಾನು ಕೇಳದೆ ಹೋದದ್ದಕ್ಕೂ ಒಟ್ಟಿಗೇ ಕೃತಜ್ಞನಾಗಿದ್ದೇನೆ.

ರೀಲನ್ನು ತೊಳೆಯಲು ಕೊಡುವಷ್ಟು ಹಣವಿರಲಿಲ್ಲವಾದ್ದರಿಂದ, ಬಾಡಿಗೆ ಮನೆಯ ಬಚ್ಚಲಲ್ಲೇ ಕಾಫಿಯಿಂದ ಡೆವಲಪ್ ಮಾಡಿ ಚಿತ್ರ ಮೂಡಿಸಿಕೊಂಡೆ. ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಈ ಮೂರನ್ನು ನೀರಿಗೆ ಬೆರೆಸಿದರೆ ಕಪ್ಪುಬಿಳುಪು ಫಿಲ್ಮಿಗೆ ಡೆವಲಪರ್ ಸಿದ್ಧವಾಗುತ್ತದೆ. ಅಲ್ಲಿ ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫಿಕ್ ಆಮ್ಲ. ಸೋಡಾದ ಕ್ಷಾರ ಅದಕ್ಕೆ ಬಲ ಕೊಡುತ್ತದೆ. ಫಿಲ್ಟರ್ ಕಾಫಿಯ ಮನೆಯಲ್ಲಿ ಬೆಳೆದವನು ಇಷ್ಟೊಂದು ಇನ್‌ಸ್ಟಂಟ್ ಪೊಟ್ಟಣ ಕೊಳ್ಳುವುದನ್ನು ಕಂಡು ಮರುಗಿದ ಅಂಗಡಿಯವರು ಸೋಡಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಇಂಥ ಫಿಲ್ಮಿಗೆ ಕೆಂಪು ದೀಪವೂ ಆಗದು, ಪೂರ್ತಿ ಕತ್ತಲೆಯೇ ಬೇಕು. ಮನೆಯೊಡತಿ ಕಿಟಕಿಗೆ ತಮ್ಮ ಹಳೆಯ ಕಪ್ಪು ರೆಕ್ಸಿನ್ ಹೊದಿಸಿ, ಮೆಟ್ಟಿಲ ದೀಪ ಆರಿಸಿ, ಒಂದು ಗಂಟೆ ಕಾಲ ಯಾರೂ ಬಾಗಿಲು ತಟ್ಟದಂತೆ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತರು. ಒಳಗೆ ನಾನು ಬಕೆಟ್ಟಿನಲ್ಲಿ ಕೈಯಾಡಿಸುತ್ತಿದ್ದರೆ, ಆಚೆಯಿಂದ ಅವರು ನಿಮಿಷಗಳನ್ನು ಕೂಗಿ ಹೇಳುತ್ತಿದ್ದರು. ಮರುದಿನ ತಾರಸಿಯ ಬಟ್ಟೆ ಹಗ್ಗಗಳ ಮೇಲೆ ನೂರು ಅಡಿಯೂ ಒಣಗಿತು. ಸೀರೆಗಳು ಆ ದಿನ ಒಳಗೇ ಉಳಿದವು.

ಚಿತ್ರವನ್ನು ನೆಗೆಟಿವ್ ಆಗಿಯೇ ಉಳಿಸಿಕೊಂಡೆ. ಕಂದು ಕಾಯಿಗಳು ಅದರಲ್ಲಿ ಹೊಳೆಯುತ್ತವೆ, ಹೆಂಚಿನ ಸಂದಿನ ಬಿಸಿಲು ಕಪ್ಪು ಕೋಲಾಗಿ ಅವುಗಳ ಮೇಲೆ ನಡೆದುಹೋಗುತ್ತದೆ. ಎಡಗಡೆಯ ಗೆರೆಗಳು ಬಕೆಟ್ಟಿನಲ್ಲಿ ನನ್ನ ಕೈ ಸರಿಯಾಗಿ ಆಡದ ಗುರುತು.

ಮೊನ್ನೆ ಭಾನುವಾರ ಕೊಬ್ಬರಿ ಸುಲಿಯುವ ಕೊಟ್ಟಿಗೆಯಲ್ಲಿ ಅಪ್ಪನ ಪಂಚೆಯನ್ನು ಪರದೆಯಾಗಿ ಕಟ್ಟಿ, ಕೆಲಸಕ್ಕೆ ಬರುವ ಹೆಂಗಸರಿಗೆ ಚಿತ್ರವನ್ನು ತೋರಿಸಿದೆ. ಇಷ್ಟು ವರ್ಷ ಆ ಕಾಯಿಗಳನ್ನು ಅಟ್ಟಕ್ಕೇರಿಸಿ ಇಳಿಸಿದವರು ಅವರು. ಅವರಿಗೆ ಧನ್ಯವಾದ ಹೇಳಬೇಕೆಂದು ನಿಂತವನಿಗೆ ಮಾತು ಹೊರಡಲಿಲ್ಲ, ನೇರವಾಗಿ ಚಿತ್ರ ಹಾಕಿದೆ. ಮೊದಲ ಸಾಲಿನ ಅಜ್ಜಿಯೊಬ್ಬರು ಪರದೆಯ ಕಡೆ ನೋಡಲೇ ಇಲ್ಲ, ತಲೆ ತಗ್ಗಿಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎರಡು ನಿಮಿಷ ಕಳೆದಿರಬಹುದು, ಮಾರ್ಚಿನ ಕಾಯಿ ಕುಲುಕಿದ ಸದ್ದಿಗೆ ಕೈ ನಿಲ್ಲಿಸಿ, "ಇದನ್ನ ಈಗಲೇ ಒಡೀಬ್ಯಾಡಿ, ಇನ್ನೂ ಎರಡು ತಿಂಗಳು ಬೇಕು" ಎಂದರು.